ಉದ್ಯಾಪನೆಗೆ ಏನು ಕೊಡಬೇಕು? – ಶ್ರುತಪಂಚಮಿ ನೋಂಪಿಯ ಕುರಿತು ಒಂದು ವಿಚಾರ

ಜ್ಯೇಷ್ಠ ಮಾಸ ಸಮೀಪಿಸಿತೆಂದರೆ ನಮ್ಮೂರ ಬಸದಿಯ ಜಗಲಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ಶ್ರುತಪಂಚಮಿಯ ನೋಂಪಿಯನ್ನು ಹಿಡಿದು, ಗುರುಗಳು ವಿಧಿಸಿದಷ್ಟು ವರ್ಷ ಉಪವಾಸವನ್ನು ನಡೆಸಿ ಮುಗಿಸಿದ ಶ್ರಾವಿಕೆಯೊಬ್ಬರು ಪುರೋಹಿತರನ್ನೋ ಹಿರಿಯರನ್ನೋ ಕೇಳುತ್ತಾರೆ: “ಉದ್ಯಾಪನೆಗೆ ಏನು ಕೊಡಬೇಕು?” ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಇಷ್ಟು ಕಲಶ, ಇಷ್ಟು ತೆಂಗಿನಕಾಯಿ, ಇಷ್ಟು ಮಂದಿಗೆ ಊಟ. ಬಂದವರ ಕೈಗೆ ಒಂದೊಂದು ಸ್ಟೀಲು ತಟ್ಟೆಯೋ ಡಬ್ಬಿಯೋ, ಅದರ ಮೇಲೆ ಕೊಟ್ಟವರ ಹೆಸರು. ಇವುಗಳಲ್ಲಿ ಯಾವುದನ್ನೂ ನಾನು ಹೀಗಳೆಯುವವನಲ್ಲ. ಸಾಧರ್ಮಿಕರಿಗೆ ಉಣಿಸುವುದು ವಾತ್ಸಲ್ಯವೇ ಆಗಿದೆ. ಆದರೆ ನಲವತ್ತು ವರ್ಷ ಪಾಠ ಹೇಳಿದವನಿಗೆ ಒಂದು ದುರಭ್ಯಾಸವಿರುತ್ತದೆ. ಸಿದ್ಧ ಉತ್ತರ ಬಂದೊಡನೆ, ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡರೇ ಎಂಬ ಸಂದೇಹ ಅವನಿಗೆ ಹುಟ್ಟುತ್ತದೆ. ನಮ್ಮ ಹಿಂದಿನ ಶ್ರಾವಿಕೆಯರು ಇದೇ ನೋಂಪಿಯ ಉದ್ಯಾಪನೆಗೆ ಏನನ್ನು ಕೊಟ್ಟರು ಎಂಬುದನ್ನು ನೋಡಿದರೆ, ಉದ್ಯಾಪನೆ ಎಂಬ ಮಾತಿಗೆ ನಾವು ಕೊಟ್ಟುಕೊಂಡಿರುವ ಅರ್ಥ ಎಷ್ಟು ಸಣ್ಣದಾಗಿದೆ ಎಂಬುದು ತಿಳಿಯುತ್ತದೆ. ಅದಕ್ಕೆ ಮೊದಲು ಈ ಪರ್ವದ ಮೂಲಕಥೆಯನ್ನು ಒಮ್ಮೆ ನೆನೆಯೋಣ.

ವೀರನಿರ್ವಾಣದ ತರುವಾಯ 683 ವರ್ಷಗಳ ಕಾಲ ಅಂಗಜ್ಞಾನವು ಆಚಾರ್ಯರ ನೆನಪಿನಲ್ಲಿಯೇ ಹರಿದು ಬಂದು, ಕ್ರಮೇಣ ಕ್ಷೀಣಿಸಿತೆಂಬುದು ನಮ್ಮ ಪರಂಪರೆಯ ಎಣಿಕೆ. ಉಳಿದ ಅಂಶವನ್ನು ಬಲ್ಲವರಾಗಿ ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರಿದ್ದರು. ವಯೋವೃದ್ಧರು. ತಮ್ಮೊಡನೆ ಈ ಜ್ಞಾನವೂ ಮುಗಿದುಹೋಗುವುದೆಂಬ ಭಯ ಅವರಿಗೆ ಹುಟ್ಟಿತು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸರ್ವಸಂಗಪರಿತ್ಯಾಗಿಗಳಾದ ಮುನಿಗಳು, ಸಂಸಾರವೇ ಅನಿತ್ಯವೆಂದು ಬಲ್ಲವರು, ‘ಕಾಲದೋಷ, ಯಾರೇನು ಮಾಡಲಾದೀತು’ ಎಂದು ಸುಮ್ಮನಿರಬಹುದಾಗಿತ್ತು. ಪಂಚಮಕಾಲದ ಮೇಲೆ ಭಾರ ಹೊರಿಸಿ ಕೈಕಟ್ಟಿ ಕೂರುವುದು ಇಂದಿಗೂ ನಮ್ಮಲ್ಲಿ ಬಹಳ ಸುಲಭವಾಗಿ ಒದಗುವ ವೈರಾಗ್ಯ. ಧರಸೇನರು ಹಾಗೆ ಮಾಡಲಿಲ್ಲ; ಪತ್ರ ಬರೆದರು. ದಕ್ಷಿಣಾಪಥದಿಂದ ಮಹಿಮಾನಗರಿಯಲ್ಲಿ ನೆರೆದಿದ್ದ ಆಚಾರ್ಯರ ಸಮೂಹಕ್ಕೆ ತಮ್ಮ ಚಿಂತೆಯನ್ನು ತಿಳಿಸಿದರು. ಆ ಆಚಾರ್ಯರು ಗ್ರಹಣ-ಧಾರಣ ಸಮರ್ಥರೂ ವಿನಯವಂತರೂ ಆದ ಇಬ್ಬರು ಮುನಿಗಳನ್ನು ಆಂಧ್ರದೇಶದ ವೇಣಾ ನದಿಯ ತೀರದಿಂದ ಕಳುಹಿಸಿದರು.

ಬಂದವರನ್ನು ಧರಸೇನರು ಒಡನೆಯೇ ಪಾಠಕ್ಕೆ ಕೂರಿಸಲಿಲ್ಲ. ಪರೀಕ್ಷೆ ಮಾಡಿದರು. ಇಬ್ಬರಿಗೂ ಒಂದೊಂದು ವಿದ್ಯೆಯನ್ನು ಕೊಟ್ಟು, ಎರಡು ಉಪವಾಸಗಳೊಡನೆ ಸಾಧಿಸಿರೆಂದರು. ಒಂದು ಮಂತ್ರದಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಅಕ್ಷರ ಕಡಿಮೆ. ವಿದ್ಯೆ ಸಿದ್ಧಿಸಿದಾಗ ಒಬ್ಬರಿಗೆ ಹಲ್ಲು ಮುಂದೆ ಚಾಚಿದ ದೇವತೆಯೂ ಮತ್ತೊಬ್ಬರಿಗೆ ಒಂದೇ ಕಣ್ಣಿನ ದೇವತೆಯೂ ಕಾಣಿಸಿಕೊಂಡರು. ದೇವತೆಗಳಿಗೆ ವಿಕೃತ ರೂಪ ಸಹಜವಲ್ಲ, ಮಂತ್ರದಲ್ಲಿಯೇ ದೋಷವಿರಬೇಕು ಎಂದು ಅವರು ಊಹಿಸಿ, ಮಂತ್ರವ್ಯಾಕರಣದಿಂದ ಅಕ್ಷರಗಳನ್ನು ತಿದ್ದಿಕೊಂಡು ಮತ್ತೆ ಜಪಿಸಿದರು. ಆಗ ದೇವತೆಗಳು ಸ್ವಾಭಾವಿಕ ರೂಪದಲ್ಲಿ ತೋರಿದರು. ಗುರುಗಳು ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿದ್ದಷ್ಟೇ ಅವರ ಗುಣವಲ್ಲ. ತಪ್ಪು ಕಂಡಾಗ, ‘ಇದು ಗುರು ಕೊಟ್ಟದ್ದು, ಹೀಗೆಯೇ ಇರಲಿ’ ಎನ್ನದೆ, ‘ಗುರುವಿಗೇ ತಿಳಿಯದು’ ಎಂದು ಬಿಟ್ಟೇಳದೆ, ಬಲ್ಲ ಶಾಸ್ತ್ರದಿಂದ ತಿದ್ದಿಕೊಂಡು, ನಡೆದುದನ್ನೆಲ್ಲ ಗುರುಗಳಿಗೆ ನಿವೇದಿಸಿದರು. ಶ್ರದ್ಧೆಯೂ ವಿವೇಕವೂ ಒಂದೇ ಮನಸ್ಸಿನಲ್ಲಿ ಹೇಗೆ ಕೂಡಿರಬಹುದೆಂಬುದಕ್ಕೆ ಇದಕ್ಕಿಂತ ಸೊಗಸಾದ ಪಾಠವನ್ನು ನಾನು ಕಂಡಿಲ್ಲ. ಆ ಬಳಿಕವೇ ಉಪದೇಶ ಆರಂಭವಾಗಿ, ಆಷಾಢ ಶುಕ್ಲ ಏಕಾದಶಿಯ ಪೂರ್ವಾಹ್ಣದಲ್ಲಿ ಮುಗಿಯಿತು. ಆ ಇಬ್ಬರೇ ಪುಷ್ಪದಂತರು ಮತ್ತು ಭೂತಬಲಿಗಳು.

ಅಂಕಲೇಶ್ವರದಲ್ಲಿ ವರ್ಷಾಯೋಗವನ್ನು ಮುಗಿಸಿ ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ಸೀಮೆಗೆ ಬಂದರು. ಭೂತಬಲಿಗಳು ದ್ರಮಿಳ ದೇಶಕ್ಕೆ ತೆರಳಿದರು. ಪುಷ್ಪದಂತರು ಜಿನಪಾಲಿತನಿಗೆ ದೀಕ್ಷೆಯಿತ್ತು, ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಅವನನ್ನೇ ಭೂತಬಲಿಗಳ ಬಳಿಗೆ ಕಳುಹಿಸಿದರು. ಸೂತ್ರಗಳನ್ನು ನೋಡಿ, ಪುಷ್ಪದಂತರು ಅಲ್ಪಾಯುಗಳೆಂಬುದನ್ನು ಅರಿತ ಭೂತಬಲಿಗಳು ಮುಂದಿನ ಭಾಗವನ್ನು ತಾವೇ ರಚಿಸಿ ಷಟ್ಖಂಡಾಗಮವನ್ನು ಪೂರ್ಣಗೊಳಿಸಿದರು. ಅದನ್ನು ಪುಸ್ತಕಾರೂಢಗೊಳಿಸಿ ಚತುರ್ವಿಧ ಸಂಘದೊಡನೆ ಪೂಜಿಸಿದ ದಿನವೇ ಜ್ಯೇಷ್ಠ ಶುಕ್ಲ ಪಂಚಮಿ. ನಮ್ಮ ನಾಡಿನ ನೆಲದಲ್ಲಿ ಆ ಮೊದಲ ಸೂತ್ರಗಳು ಹುಟ್ಟಿದವೆಂಬುದನ್ನು ಕನ್ನಡದ ಶ್ರಾವಕರಲ್ಲಿ ಎಷ್ಟು ಮಂದಿ ಮಕ್ಕಳಿಗೆ ಹೇಳಿದ್ದೇವೆ?

ಒಬ್ಬರು ಅಪಾಯವನ್ನು ಕಂಡರು, ಒಂದು ಸಮೂಹವು ಅದಕ್ಕೆ ಓಗೊಟ್ಟಿತು, ಇಬ್ಬರು ದೂರ ನಡೆದು ಬಂದರು, ಒಬ್ಬರು ಆರಂಭಿಸಿದರು, ಇನ್ನೊಬ್ಬರು ಮುಗಿಸಿದರು. ಈ ಪರ್ವದ ಹುಟ್ಟೇ ಹೀಗೆ. ಆದ್ದರಿಂದ ಈ ದಿನದ ಉಪವಾಸವು ಕೇವಲ ನಿರಾಹಾರವಾಗಿ ಮುಗಿಯತಕ್ಕದ್ದಲ್ಲವೆಂದು ನನ್ನ ತಿಳಿವಳಿಕೆ.

ಇನ್ನು ಮುಂದಾಳುತನದ ಮಾತು. ಇಂದು ಸಂಘದ ಕೆಲಸವೆಂದರೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಂಬ ಮೂವರ ಕೆಲಸವೆಂದು ನಾವು ಭಾವಿಸಿದ್ದೇವೆ. ಶಾಸ್ತ್ರದ ದೃಷ್ಟಿ ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು, ಶಲ್ಯವಿಲ್ಲದವನೇ ವ್ರತಿ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾರೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳು. ನಿದಾನವೆಂದರೆ ಮಾಡಿದ ಧರ್ಮಕ್ಕೆ ಪ್ರತಿಯಾಗಿ ಫಲವನ್ನು ಬಯಸುವುದು. ಮುಳ್ಳು ಒಳಗಿದ್ದವನು ನೆಟ್ಟಗೆ ನಡೆಯಲಾರ. ಹೊಗಳಿಕೆಯ ಬಯಕೆಯುಳ್ಳವನು ಸಂಘದ ಕೆಲಸವನ್ನು ಹಿಡಿದರೆ ಹೊಗಳಿಕೆ ನಿಂತಲ್ಲಿ ಕೆಲಸವೂ ನಿಲ್ಲುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಗಮನಿಸಿ: ಮೊದಲ ನಾಲ್ಕು, ನಿಃಶಂಕಿತದಿಂದ ಅಮೂಢದೃಷ್ಟಿಯವರೆಗೆ, ನಮ್ಮ ಮನಸ್ಸನ್ನು ತಿದ್ದಿಕೊಳ್ಳುವುದಕ್ಕೆ ಸೇರಿದವು. ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ, ಪ್ರಭಾವನೆ ಎಂಬ ಉಳಿದ ನಾಲ್ಕು ಇನ್ನೊಬ್ಬರಿಲ್ಲದೆ ನಡೆಯವು. ಜಾರುವವನನ್ನು ಹಿಡಿದು ನಿಲ್ಲಿಸುವುದು ಶ್ರದ್ಧೆಗೆ ಹೊರಗಿನ ಸಮಾಜಸೇವೆಯಲ್ಲ, ಶ್ರದ್ಧೆಯ ಅಂಗವೇ. ಅದನ್ನು ಬಿಟ್ಟರೆ ಶ್ರದ್ಧೆ ಅಂಗಹೀನವಾಗುತ್ತದೆ.

ಈಗ ಹಿಂದಿನವರ ಉದ್ಯಾಪನೆಗೆ ಬರೋಣ. ಮೂಡಬಿದಿರೆಯಲ್ಲಿ ಉಳಿದು ಬಂದ ಧವಲ ಸಿದ್ಧಾಂತದ ತಾಡವೋಲೆಯ ಪ್ರತಿಗಳಲ್ಲಿ ಒಂದರ ಪ್ರಶಸ್ತಿಯಲ್ಲಿ ಕನ್ನಡದಲ್ಲಿ ಒಂದು ಸಂಗತಿ ಬರೆದಿದೆ. ಮಂಡಲಿನಾಡಿನ ಭುಜಬಲ ಗಂಗಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ತಾನು ನೋಂತ ಶ್ರುತಪಂಚಮಿಯ ಉದ್ಯಾಪನೆಗಾಗಿ ಈ ಗ್ರಂಥವನ್ನು ಬರೆಯಿಸಿ, ಬನ್ನಿಕೆರೆಯ ಚೈತ್ಯಾಲಯದ ಆಚಾರ್ಯರಾದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು. ಶುಭಚಂದ್ರರು 1123ರಲ್ಲಿ ಸ್ವರ್ಗಸ್ಥರಾದರೆಂದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುವುದರಿಂದ ಈ ದಾನವೂ ಅದಕ್ಕೆ ಮುಂಚಿನದು. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯ ಪ್ರಮಾಣ 72,000 ಶ್ಲೋಕದಷ್ಟು. ಅಷ್ಟನ್ನೂ ಗರಿಗರಿಯಾಗಿ ಬರೆಯಿಸುವುದೆಂದರೆ ಲಿಪಿಕಾರನಿಗೆ ವರ್ಷಗಟ್ಟಲೆ ಅನ್ನ-ವಸ್ತ್ರ, ಹದಮಾಡಿದ ಓಲೆ, ಮಸಿ, ತಿದ್ದಿಕೊಡಬಲ್ಲ ವಿದ್ವಾಂಸರು, ಇವೆಲ್ಲವನ್ನೂ ಹೊಂದಿಸುವ ಕೆಲಸ. ಹಾಗೆಯೇ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬ ಶ್ರಾವಿಕೆ ಶ್ರೀಪಂಚಮಿಯನ್ನು ನೋಂತು, ಅದರ ಉದ್ಯಾಪನೆಗೆ ಬರೆಯಿಸಿ ಮಾಘನಂದಿ ಯತಿಗಳಿಗೆ ಕೊಟ್ಟಳು. ಈ ಇಬ್ಬರು ಉಪವಾಸದ ಹೆಂಗಸರು ಏನನ್ನು ಕೊಟ್ಟರೆಂಬುದರ ಬೆಲೆ ನಮಗೆ ತಿಳಿಯಬೇಕಾದರೆ ಇಷ್ಟು ಸಾಕು: ಷಟ್ಖಂಡಾಗಮವು ಭರತಖಂಡದಲ್ಲಿ ಮತ್ತೆಲ್ಲಿಯೂ ಉಳಿಯದೆ ಮೂಡಬಿದಿರೆಯ ಓಲೆಗಳಲ್ಲಿ ಮಾತ್ರ ಉಳಿಯಿತು. ಅಂಥ ಉದ್ಯಾಪನೆಗಳು ನಡೆಯದಿದ್ದರೆ ಧರಸೇನರ ಪತ್ರ ವ್ಯರ್ಥವಾಗುತ್ತಿತ್ತು.

‘ಹೆಸರು ಬರೆಯಿಸಿಕೊಂಡರಲ್ಲ, ಅದು ನಿದಾನವಲ್ಲವೇ?’ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದುಂಟು. ಪ್ರಶಸ್ತಿಯನ್ನು ಬರೆದದ್ದು ಕೃತಜ್ಞರಾದವರು; ಗ್ರಂಥ ಯಾರಿಂದ ಯಾರಿಗೆ ಸಂದಿತೆಂಬ ದಾಖಲೆ ಅದು. ತಟ್ಟೆಯ ಮೇಲಿನ ಹೆಸರಿಗೂ ಅದಕ್ಕೂ ವ್ಯತ್ಯಾಸವಿದೆ ಎಂದು ಉತ್ತರ ಕೊಟ್ಟೆ. ಪೂರ್ತಿ ಸಮಾಧಾನವಾಯಿತೆಂದು ತೋರಲಿಲ್ಲ. ಇರಲಿ, ಪ್ರಶ್ನೆ ಒಳ್ಳೆಯದೇ.

ಇವರಿಗಿಂತ ಒಂದು ಶತಮಾನದಷ್ಟು ಹಿಂದಿನ ಅತ್ತಿಮಬ್ಬೆಯ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಪತಿ ನಾಗದೇವ ತೀರಿಕೊಂಡ ಮೇಲೆ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಸಾಕಿಕೊಂಡು ವ್ರತನಿಷ್ಠೆಯಿಂದ ಬದುಕಿದಳು. ಆ ಕಾಲದ ದುಃಖವನ್ನೂ ಕಟ್ಟಳೆಯನ್ನೂ ನೆನೆದರೆ ಬದುಕುವುದೇ ಕಠಿನವಾದ ವ್ರತವಾಗಿತ್ತು. ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಆ ಕಾವ್ಯ ಕಾಲಗರ್ಭದಲ್ಲಿ ಅಳಿಯದಿರಲೆಂದು ಅವಳು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ರನ್ನನ ಅಜಿತಪುರಾಣ ಅವಳ ಆಶ್ರಯದಲ್ಲಿ 993ರಲ್ಲಿ ಹುಟ್ಟಿತು. ಲಕ್ಕುಂಡಿಯ 1007ರ ಶಾಸನ ಅವಳ ಕೀರ್ತಿಯನ್ನು ಹೇಳುತ್ತದೆ. ಅವಳು ಯಾವ ಸಭೆಗೂ ಅಧ್ಯಕ್ಷೆಯಾಗಿರಲಿಲ್ಲ. ಅಚ್ಚುಕೂಟವಿಲ್ಲದ ಕಾಲದಲ್ಲಿ ಒಂದು ಗ್ರಂಥವನ್ನು ಉಳಿಸುವ ಉಪಾಯವೇನೆಂದು ಯೋಚಿಸಿದಳು. ಒಂದು ಪ್ರತಿ ಸುಟ್ಟರೆ ಇನ್ನೊಂದಿರಲಿ, ಇನ್ನೊಂದು ಹುಳು ಹಿಡಿದರೆ ಮತ್ತೊಂದಿರಲಿ ಎಂಬ ಗೃಹಿಣಿಯ ಲೆಕ್ಕವೇ ಅದು.

ಆದರೆ ಉಳಿಸಿದವರ ಮಕ್ಕಳು ನಾವು, ಉಳಿದದ್ದನ್ನು ಏನು ಮಾಡಿದೆವು? ಮೂಡಬಿದಿರೆಯ ಸಿದ್ಧಾಂತಗ್ರಂಥಗಳು ಕಾಲಕ್ರಮದಲ್ಲಿ ದರ್ಶನದ ವಸ್ತುಗಳಾದವು. ಯಾತ್ರಿಕರು ಬರುವರು, ಕಾಣಿಕೆಯಿಟ್ಟು ಕೈಮುಗಿಯುವರು, ಕಟ್ಟು ಮತ್ತೆ ಒಳಗೆ ಹೋಗುವುದು. ಭಂಡಾರವನ್ನು ಅಷ್ಟು ಶತಮಾನ ಕಾಯ್ದ ಭಟ್ಟಾರಕರಿಗೂ ಪಂಚರಿಗೂ ನಾವು ಋಣಿಗಳು. ಕಾಯದಿದ್ದರೆ ಓದುವ ಪ್ರಶ್ನೆಯೇ ಇರುತ್ತಿರಲಿಲ್ಲ. ಆದರೂ ಓದುವವರು ಇಲ್ಲವಾಗಿದ್ದರು ಎಂಬುದು ನಿಜ. 1883ರಲ್ಲಿ ಮುಂಬಯಿಯ ಶೇಠ್ ಮಾಣಿಕ್‌ಚಂದರು ಸಂಘದೊಡನೆ ಯಾತ್ರೆ ಬಂದು, ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು, ಇವನ್ನು ಓದಬಲ್ಲವರು ಯಾರೆಂದು ವಿಚಾರಿಸಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಹೆಸರು ಬಂದಿತು. ಮಾಣಿಕ್‌ಚಂದರು ಈ ಸಂಗತಿಯನ್ನು ಸೊಲ್ಲಾಪುರದ ಶೇಠ್ ಹೀರಾಚಂದ್ ನೇಮಚಂದರಿಗೆ ತಿಳಿಸಿದರು. ಅವರು ಮರುವರ್ಷ ತಾವೇ ಬಂದು ನೋಡಿದರು. ಅಷ್ಟರಿಂದ ಕೆಲಸವಾಗಲಿಲ್ಲ. ಒಪ್ಪಿಗೆ, ಹಣ, ಜನ ಎಲ್ಲವೂ ಕೂಡುವುದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜದ ಗಜಪತಿ ಉಪಾಧ್ಯಾಯರಿಂದ ಆರಂಭವಾದ ಪ್ರತಿಕಾರ್ಯ 1922ರವರೆಗೆ, ಇಪ್ಪತ್ತಾರು ವರ್ಷ ನಡೆಯಿತು. ಆರಂಭಿಸಿದ ಬ್ರಹ್ಮಸೂರಿ ಶಾಸ್ತ್ರಿಗಳು ಮುಕ್ತಾಯವನ್ನು ಕಾಣಲಿಲ್ಲ.

ಇಲ್ಲಿ ಒಂದು ಇಕ್ಕಟ್ಟಿನ ಸಂಗತಿಯಿದೆ. ಅದನ್ನು ಮುಚ್ಚಿಡುವುದು ಸತ್ಯಾಣುವ್ರತಕ್ಕೆ ಒಪ್ಪದು. ಭಂಡಾರದವರು ಪ್ರತಿ ಮಾಡಲು ಒಪ್ಪಿದ್ದರೇ ಹೊರತು ಪ್ರತಿಯು ಹೊರಗೆ ಹೋಗಲು ಒಪ್ಪಿರಲಿಲ್ಲ. ಗಜಪತಿ ಉಪಾಧ್ಯಾಯರು ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಮಾಡಿಟ್ಟುಕೊಂಡರು. ಅದನ್ನು ಸೊಲ್ಲಾಪುರಕ್ಕೆ ಒಯ್ದಾಗ ಹೀರಾಚಂದರು, ಈ ರೀತಿ ಬಂದದ್ದನ್ನು ತೆಗೆದುಕೊಳ್ಳುವುದು ಉಚಿತವಲ್ಲವೆಂದು ನಿರಾಕರಿಸಿದರು. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ತಮ್ಮ ಮಂದಿರದಲ್ಲಿ ಇರಿಸಿಕೊಂಡರು. ಅಲ್ಲಿಂದ ನಾಗರಿಯ ಪ್ರತಿಗಳು ಉತ್ತರದ ಊರುಗಳಿಗೆ ಹಬ್ಬಿದವು. ಜಗತ್ತಿಗೆ ಸಿದ್ಧಾಂತಗ್ರಂಥ ದೊರೆತದ್ದು ಈ ದಾರಿಯಿಂದ. ಕೊಡದುದನ್ನು ತೆಗೆದುಕೊಳ್ಳುವುದು ಸ್ತೇಯವೆಂಬುದು ನಮ್ಮ ಮೂರನೆಯ ವ್ರತ. ಹಾಗಾದರೆ ಉಪಾಧ್ಯಾಯರು ಮಾಡಿದ್ದು ಸರಿಯೇ? ನನ್ನ ಅಭಿಪ್ರಾಯವನ್ನು ಕೇಳಿದರೆ, ಹೀರಾಚಂದರ ನಿರಾಕರಣೆಯೇ ವ್ರತಿಯ ನಡೆ. ಫಲ ದೊಡ್ಡದಾಯಿತೆಂದು ಉಪಾಯ ಶುದ್ಧವಾಗದು. ಆದರೆ ತಪ್ಪಿನ ಒಂದು ಪಾಲು ಬಾಗಿಲನ್ನು ಮುಚ್ಚಿದವರ ಮೇಲೂ ಬೀಳುತ್ತದೆ. ಶಾಸ್ತ್ರದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಹಾಡಿ ಹೊಗಳುವವರು ಶಾಸ್ತ್ರವನ್ನೇ ಕೊಡದಿದ್ದರೆ, ಗುಪ್ತಮಾರ್ಗ ತಾನಾಗಿ ಹುಟ್ಟುತ್ತದೆ.

1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಮರಾವತಿಯಿಂದ ಹೊರಬಂದಿತು. ವಿದಿಶೆಯ ಶೇಠ್ ಲಕ್ಷ್ಮೀಚಂದ್ರರ ದಾನದಿಂದ ನಿಂತ ಸಾಹಿತ್ಯೋದ್ಧಾರ ನಿಧಿ ಅದಕ್ಕೆ ಆಧಾರ. ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರು ಆ ಕಾರ್ಯಕ್ಕೆ ಹೆಗಲು ಕೊಟ್ಟರು. ಹದಿನಾರು ಸಂಪುಟಗಳಾಗಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಮುಂದೆ ಶ್ರವಣಬೆಳಗೊಳದಿಂದ ಕನ್ನಡ ಅನುವಾದದ ಸಂಪುಟಗಳೂ ಬಂದಿವೆ.

ಇಷ್ಟನ್ನೆಲ್ಲ ನಾನು ಅನೇಕ ವರ್ಷ ಶ್ರುತಪಂಚಮಿಯ ದಿನ ಬಸದಿಯಲ್ಲಿ ನಿಂತು ಉಪನ್ಯಾಸ ಮಾಡುತ್ತಿದ್ದೆ. ‘ಸಮಾಜ ಎಚ್ಚೆತ್ತುಕೊಳ್ಳಬೇಕು’ ಎಂಬ ಮಾತಿನಿಂದ ಉಪನ್ಯಾಸ ಮುಗಿಯುತ್ತಿತ್ತು. ನಮ್ಮ ಬಸದಿಯ ಗಂಧಕುಟಿಯ ಪಕ್ಕದ ಕೋಣೆಯಲ್ಲಿ ಮರದ ಪೆಟ್ಟಿಗೆಯೊಂದರಲ್ಲಿ ಏಳು ಓಲೆಯ ಕಟ್ಟುಗಳಿವೆ. ಆ ದಿನ ಅವನ್ನು ಹೊರತಂದು, ಚೌಕಿಯ ಮೇಲಿಟ್ಟು, ಅಷ್ಟವಿಧಾರ್ಚನೆ ಮಾಡಿ, ಹೊಸ ಬಟ್ಟೆ ಸುತ್ತಿ ಒಳಗಿಡುತ್ತಿದ್ದೆವು. ಹಳೆಯ ಬಟ್ಟೆಯನ್ನು ಬಿಚ್ಚುತ್ತಿರಲಿಲ್ಲ. ಅದರ ಮೇಲೆಯೇ ಹೊಸದು. ಮೂಡಬಿದಿರೆಯ ವಿಷಯದಲ್ಲಿ ನಾನು ಅಷ್ಟು ಧೈರ್ಯದಿಂದ ಖಂಡಿಸುತ್ತಿದ್ದ ದೋಷ ನನ್ನ ಕಣ್ಣೆದುರಿಗೇ ಇದ್ದುದು ನನಗೆ ಹೊಳೆಯಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ವೃದ್ಧ ಶ್ರಾವಿಕೆಯೊಬ್ಬರು ನೋಂಪಿ ಮುಗಿಸಿ ನನ್ನ ಮನೆಗೆ ಬಂದರು. ನನಗಿಂತ ಹತ್ತು ವರ್ಷ ಹಿರಿಯರು, ಪತಿಯನ್ನು ಕಳೆದುಕೊಂಡವರು, ಅಕ್ಷರಜ್ಞಾನ ನಾಲ್ಕನೆಯ ತರಗತಿಯಷ್ಟು.

“ಮೇಷ್ಟ್ರೇ, ಉದ್ಯಾಪನೆಗೆ ತಟ್ಟೆ ಹಂಚೋದಕ್ಕೆ ನನಗೆ ಮನಸ್ಸಿಲ್ಲ. ದೇಮಿಯಕ್ಕ ಪುಸ್ತಕ ಬರೆಸಿದಳು ಅಂತ ಪ್ರತಿ ವರ್ಷ ಹೇಳ್ತೀರಲ್ಲ, ನಮ್ಮ ಪೆಟ್ಟಿಗೆಯಲ್ಲಿರೋದು ಏನು?”

“ಬಿಚ್ಚಿ ನೋಡಿಲ್ಲಮ್ಮ. ಆಡಳಿತ ಮಂಡಳಿಯವರು ಯಾರಾದರೂ ತಿಳಿದವರನ್ನು ಕರೆಸಬೇಕು.”

“ಹಳೆಯ ಅಕ್ಷರ ನಿಮಗೆ ಬರುತ್ತಲ್ಲ?”

“ಸ್ವಲ್ಪ ಬರುತ್ತೆ.”

“ಹಾಗಾದ್ರೆ ಕರೆಸೋದು ಯಾರನ್ನ?”

ನನಗೆ ಉತ್ತರ ತೋಚಲಿಲ್ಲ. ವಿಷ್ಣುಕುಮಾರ ಮುನಿಗಳ ಕಥೆ ನೆನಪಾಯಿತು. ಹಸ್ತಿನಾವತಿಯಲ್ಲಿ ಬಲಿಯು ಅಕಂಪನಾಚಾರ್ಯರನ್ನೂ ಏಳುನೂರು ಮುನಿಗಳನ್ನೂ ಉಪಸರ್ಗಕ್ಕೆ ಈಡುಮಾಡಿದಾಗ, ಅದನ್ನು ನಿವಾರಿಸಬಲ್ಲ ವಿಕ್ರಿಯಾ ಋದ್ಧಿ ವಿಷ್ಣುಕುಮಾರರಲ್ಲಿತ್ತು. ಆದರೆ ಅದು ತಮಗಿದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ. ಕ್ಷುಲ್ಲಕರೊಬ್ಬರು ಬಂದು ಹೇಳಿದ ಮೇಲೆ, ಕೈ ಚಾಚಿ ಪರೀಕ್ಷಿಸಿ ನೋಡಿದರು. ನನ್ನದು ಋದ್ಧಿಯಲ್ಲ, ಬಾಲ್ಯದಲ್ಲಿ ಗುರುಗಳು ಹೊಡೆದು ಕಲಿಸಿದ ಹಳಗನ್ನಡ ಲಿಪಿ. ಆದರೂ ಬಂದು ಹೇಳುವವರು ಬೇಕಾಯಿತು. ಅವರಿಗೆ ತಿಳಿದಿತ್ತು, ತಿಳಿಯಬೇಕಾಗಿದ್ದ ನನಗೆ ತಿಳಿದಿರಲಿಲ್ಲ.

ಮಂಡಳಿಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದೆವು. ಮೇಲೆ ಹೇಳಿದ ಪ್ರಸಂಗದಿಂದ ನಾನು ಕಲಿತದ್ದು ಅದು. ಒಪ್ಪಿಗೆ ಬರಲು ಎಂಟು ತಿಂಗಳಾಯಿತು. ಕಟ್ಟುಗಳನ್ನು ಬಿಚ್ಚಿದಾಗ ಏಳರಲ್ಲಿ ಎರಡು ಪುಡಿಯಾಗಿದ್ದವು. ಬಟ್ಟೆಯ ಪದರಗಳ ನಡುವೆ ತೇವ ನಿಂತು, ಹುಳು ಒಳಗಿನಿಂದ ತಿಂದು, ಹೊರಗೆ ರೇಷ್ಮೆಯ ಹೊದಿಕೆ ಮಾತ್ರ ಸುಂದರವಾಗಿತ್ತು. ಆ ಹೊದಿಕೆಗಳಲ್ಲಿ ಕೆಲವನ್ನು ನಾನೇ ಕೈಯಾರೆ ಸುತ್ತಿದ್ದೆ.

ಕೆಲಸ ಹಿಡಿಯುವ ಮನೆಗಳಿಗೆ ಉಪಯೋಗವಾಗಲೆಂದು ಕ್ರಮವನ್ನು ಸ್ವಲ್ಪ ಹೇಳುತ್ತೇನೆ. ಮೊದಲ ತೊಡಕು ಹುಳುವಿನದೇ. ತರುಣನೊಬ್ಬ ಅಂಗಡಿಯಿಂದ ಕೀಟನಾಶಕದ ಡಬ್ಬಿ ತಂದ. ಆ ತಾಯಿ ತಡೆದರು. ತಿಳಿದು ತಿಳಿದು ಕೊಲ್ಲುವುದು ಸಂಕಲ್ಪೀ ಹಿಂಸೆ, ಅಣುವ್ರತಿಗೆ ಸಲ್ಲದು. ಶ್ರುತವನ್ನು ಕಾಯುವುದಕ್ಕೆ ವ್ರತವನ್ನು ಮುರಿದರೆ ಕಾಯ್ದುದು ಏನನ್ನು? ಹಾಗೆಂದು ಹುಳುವಿಗೆ ಗ್ರಂಥವನ್ನು ಬಿಟ್ಟುಕೊಡುವುದೂ ದಯೆಯಲ್ಲ. ಮೆತ್ತನೆಯ ಕೂದಲಿನ ಕುಂಚದಿಂದ ಒಂದೊಂದೇ ಗರಿಯನ್ನು ಬಿಳಿಯ ಕಾಗದದ ಮೇಲೆ ಝಾಡಿಸಿ, ಉದುರಿದ ಜೀವಗಳನ್ನು ಹಿತ್ತಿಲ ಮರದ ಬುಡದಲ್ಲಿ ಒಣಗಿದ ಎಲೆಗಳ ನಡುವೆ ಬಿಟ್ಟೆವು. ನಿಧಾನವಾಯಿತು, ಆದರೆ ನಡೆಯಿತು. ಮತ್ತೆ ಬರದಂತೆ ಬಜೆಯ ಬೇರಿನ ತುಂಡುಗಳನ್ನೂ ಒಣಗಿದ ಬೇವಿನ ಎಲೆಯನ್ನೂ ತೆಳುಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಗರಿಗಳನ್ನು ಬಿಸಿಲಿಗೆ ಹಾಕಬಾರದು. ಗಾಳಿಯಾಡುವ ನೆರಳು ಸಾಕು. ಕಂಠದಿಂದ ಕೊರೆದ ಓಲೆಗೂ ಮಸಿಯಿಂದ ಬರೆದ ಓಲೆಗೂ ಉಪಚಾರ ಬೇರೆ. ಮಸಿಯ ಬರಹಕ್ಕೆ ಎಣ್ಣೆ, ನೀರು ಸೋಕಿದರೆ ಅಕ್ಷರವೇ ಹೋದೀತು. ಬಲ್ಲವರನ್ನು ಕೇಳದೆ ಏನನ್ನೂ ಲೇಪಿಸಬೇಡಿ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಬಟ್ಟೆ ಹತ್ತಿಯದಿರಲಿ, ಒಂದೇ ಪದರವಿರಲಿ. ಶ್ರುತಪಂಚಮಿ ಬರುವುದು ಮಳೆ ಇನ್ನೇನು ಹಿಡಿಯುವುದೆನ್ನುವಾಗ; ಅದಕ್ಕೆ ಮುಂಚೆ ವರ್ಷಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಗಾಳಿಗಿಡುವ ರೂಢಿ ಪೂಜೆಯಷ್ಟೇ ಮುಖ್ಯ. ನಮ್ಮಲ್ಲಿ ಪೂಜೆ ಉಳಿದು ಬಿಚ್ಚುವುದು ತಪ್ಪಿತ್ತು.

ಪ್ರತಿ ಗರಿಯ ಎರಡು ಮಗ್ಗುಲನ್ನೂ ಆ ತಾಯಿಯ ಮೊಮ್ಮಗ ಮೊಬೈಲಿನಿಂದ ಚಿತ್ರ ತೆಗೆದ. ಅವನು ಧರ್ಮದ ತರಗತಿಗೆ ಕರೆದರೆ ಬಾರದ ಹುಡುಗ. ನಾನು ಚಿತ್ರವನ್ನು ದೊಡ್ಡದು ಮಾಡಿ ಓದುತ್ತ ಬರೆಯುತ್ತೇನೆ. ಅವರು ಎದುರಿಗೆ ಕುಳಿತು ಕೇಳುತ್ತಾರೆ, ಎಲ್ಲಿಯಾದರೂ ಅರ್ಥ ತಪ್ಪಿದಂತೆ ತೋರಿದರೆ ನಿಲ್ಲಿಸುತ್ತಾರೆ. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಉಪಧಾನವೆಂಬುದೊಂದಿದೆ: ಗ್ರಂಥವೊಂದರ ಅಧ್ಯಯನ ಮುಗಿಯುವವರೆಗೆ ಏನಾದರೊಂದು ನಿಯಮವನ್ನು ಹಿಡಿಯುವುದು. ಅವರು ಹಾಲನ್ನು ಬಿಟ್ಟರು. ನಾನು ಬೆಲ್ಲ-ಸಕ್ಕರೆಯನ್ನು ಬಿಟ್ಟೆ. ಕಹಿ ಕಾಫಿ ಮೊದಲ ತಿಂಗಳು ಬಹಳ ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಈ ನಿಯಮದಿಂದ ಒಂದು ಲಾಭ ಕಂಡೆ. ಸೋಮಾರಿತನದಿಂದ ನಾಲ್ಕು ದಿನ ಬರೆಯದಿದ್ದರೆ, ಪ್ರತಿ ಬೆಳಿಗ್ಗೆ ನಾಲಗೆಯೇ ಅದನ್ನು ನೆನಪಿಸುತ್ತದೆ. ಅಧ್ಯಕ್ಷಪದವಿ ಹಾಗೆ ನೆನಪಿಸುವುದನ್ನು ನಾನು ಕಂಡಿಲ್ಲ.

ಓದಿದ್ದರಲ್ಲಿ ಅಪೂರ್ವವಾದದ್ದೇನೂ ದೊರೆತಿಲ್ಲ. ತತ್ತ್ವಾರ್ಥಸೂತ್ರಕ್ಕೆ ಒಂದು ಕನ್ನಡ ವೃತ್ತಿ, ಆರಾಧನೆಯ ವಿಧಿಗಳು, ಯಾರದೋ ಗದ್ದೆಯ ಲೆಕ್ಕದ ಎಂಟು ಗರಿಗಳು. ಒಂದು ಕಟ್ಟು ಮಾತ್ರ ನೋಂಪಿಯ ಕಥೆಗಳದು. ಅದರ ಕೊನೆಯ ಗರಿಯಲ್ಲಿ, ಇದನ್ನು ನೋಂಪಿಯ ಉದ್ಯಾಪನೆಗೆ ಬರೆಯಿಸಿದವರ ಹೆಸರಿದೆ. ಹೆಸರಿನ ಮೊದಲ ಅಕ್ಷರಗಳನ್ನು ಹುಳು ತಿಂದಿದೆ. ‘ಅಕ್ಕ’ ಎಂಬುದಷ್ಟೇ ಓದಲು ಬರುತ್ತದೆ. ಆ ತಾಯಿ ಆ ಗರಿಯನ್ನು ಬಹಳ ಹೊತ್ತು ಹಿಡಿದು ಕುಳಿತಿದ್ದರು.

“ನಮ್ಮೂರಿನವಳೇ ಇರಬೇಕು ಅಲ್ವಾ, ಮೇಷ್ಟ್ರೇ?”

“ಇರಬಹುದಮ್ಮ.”

ಐದರಲ್ಲಿ ಮೂರು ಕಟ್ಟುಗಳ ಬರವಣಿಗೆ ಮುಗಿದಿದೆ. ನಾಲ್ಕನೆಯದರಲ್ಲಿ ಅರ್ಧದಷ್ಟು ಆಗಿದೆ. ನನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಿಂದ ಎರಡು ತಿಂಗಳು ಕೆಲಸ ನಿಂತಿತ್ತು; ಆ ಅವಧಿಯಲ್ಲಿ ಮೊಮ್ಮಗ ನನ್ನ ಬಳಿ ಅಕ್ಷರ ಕಲಿಯಲು ಕುಳಿತ. ಒತ್ತಕ್ಷರದಲ್ಲಿ ಇನ್ನೂ ಎಡವುತ್ತಾನೆ. ಹಾಲು ಅವರಿಗೆ, ಸಕ್ಕರೆ ನನಗೆ ಇನ್ನೂ ದೂರವೇ ಇವೆ.